ಅಡುಗೆಮನೆ ಕೈಬಿಟ್ಟ ಮೇಲೆ: ಲಾಟ್ಗಾಲೆಯ ಕುಂಬಾರ ಆಂದ್ರೇಯ್ಸ್ ಪೌಲಾನ್ಸ್ ಪ್ರಕರಣ

1937ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ವಸ್ತುಪ್ರದರ್ಶನದಲ್ಲಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರೂ ದೇಶಗಳು ಸೇರಿ ಒಂದೇ ಮಂಟಪ ಕಟ್ಟಿದ್ದವು. ಜರ್ಮನಿ ಮತ್ತು ಸೋವಿಯತ್ ಒಕ್ಕೂಟಗಳು ಎದುರುಬದುರು ನಿಲ್ಲಿಸಿದ್ದ ಭಾರೀ ಕಟ್ಟಡಗಳ ಮುಂದೆ ಈ ಮೂರು ಪುಟ್ಟ ದೇಶಗಳ ಮಂಟಪವನ್ನು ಎಷ್ಟು ಜನ ಗಮನಿಸಿದರೋ. ಆದರೆ ಆ ಪ್ರದರ್ಶನದಲ್ಲಿ ಲಾಟ್ವಿಯಾದ ಪೂರ್ವದ ಅಂಚಿನಲ್ಲಿರುವ ಲಾಟ್ಗಾಲೆ ಪ್ರಾಂತ್ಯದ ಮೂವರು ಹಳ್ಳಿಯ ಕುಂಬಾರರಿಗೆ ಚಿನ್ನದ ಪದಕ ಬಂತು. ಆಂದ್ರೇಯ್ಸ್ ಪೌಲಾನ್ಸ್, ಪೋಲಿಕಾರ್ಪ್ಸ್ ವಿಲ್ತ್ಸಾನ್ಸ್, ಆದಾಮ್ಸ್ ಕಾಪೋಸ್ಟಿನ್ಶ್ ಆ ಮೂವರು.

ಪದಕ ಬಂದ ಹೊತ್ತಿಗೆ ಇವರ ಕಸುಬಿನ ಬುಡವೇ ಅಲುಗಾಡುತ್ತಿತ್ತು ಎಂಬುದು ಈ ಪ್ರಕರಣವನ್ನು ಅಧ್ಯಯನಕ್ಕೆ ಎತ್ತಿಕೊಳ್ಳಲು ಕಾರಣ. ಲಾಟ್ಗಾಲೆಯ ರೈತ ಮಹಿಳೆಯರು ಮಣ್ಣಿನ ಗಡಿಗೆಯನ್ನು ಬಿಟ್ಟು ಎನಾಮಲ್ ಪಾತ್ರೆಗೆ, ಕಾರ್ಖಾನೆಯ ಪಿಂಗಾಣಿಗೆ ಕೈಚಾಚುತ್ತಿದ್ದರು. ಅಂಥ ಹೊತ್ತಿನಲ್ಲಿ ಪೌಲಾನ್ಸ್ ಅವರ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು ಯಾವ ರೈತನ ಮನೆಗೂ ಅಗತ್ಯವಿಲ್ಲದ ಒಂದು ವಸ್ತುವಿಗೆ: ಹಲವು ಕವಲುಗಳ, ಮಣ್ಣಿನಲ್ಲೇ ಮಾಡಿದ ಮೇಣದಬತ್ತಿ ಕಂಬಕ್ಕೆ. ಇಂದು ಲಾಟ್ಗಾಲೆಯ ಕುಂಬಾರಿಕೆ ಎಂದರೆ ಹಸಿರು ಕಂದು ಮೆರುಗು ಹರಿದಿಳಿದ ಆ ಕಂಬದ ಚಿತ್ರವೇ ಕಣ್ಣಿಗೆ ಬರುತ್ತದೆ. ಅದು ಪರಂಪರೆಯ ಹಳೆಯ ಪಾತ್ರೆ ಅಲ್ಲವಲ್ಲ ಎಂದು ಗೊಣಗುವವರೂ ಇದ್ದಾರೆ. ನನ್ನ ವಾದ ಬೇರೆ. ಪರಂಪರೆಯನ್ನು ಉಳಿಸಿಕೊಟ್ಟದ್ದೇ ಈ ಪರಂಪರೆಯಲ್ಲದ ವಸ್ತು. ಅದಕ್ಕೆ ಮಣ್ಣಿನಲ್ಲಿ, ಸೀಸದಲ್ಲಿ, ಆವಿಗೆಯ ಬೆಂಕಿಯಲ್ಲಿ ಪುರಾವೆ ಇದೆ.

ಊರು ಮತ್ತು ಕಾಲ

ಪೌಲಾನ್ಸ್ ಹುಟ್ಟಿದ್ದು 1896ರಲ್ಲಿ, ತೀರಿಕೊಂಡದ್ದು 1973ರಲ್ಲಿ. ಅವರ ಬದುಕು ಸಿಲಯಾನಿ ಎಂಬ ಗ್ರಾಮ ಸೀಮೆಗೆ ಸೇರಿದ್ದು. ಕುಂಬಾರರಿಗೆ ಹೆಸರಾದ ಈ ಸೀಮೆ ಹಿಂದೆ ರೇಜೆಕ್ನೆ ಜಿಲ್ಲೆಯಲ್ಲಿತ್ತು, ಈಗ ಪ್ರೆಯ್ಲಿ ಆಡಳಿತಕ್ಕೆ ಸೇರಿದೆ.

ಲಾಟ್ಗಾಲೆ ಲಾಟ್ವಿಯಾದ ಉಳಿದ ಭಾಗಗಳಂತಲ್ಲ. 1772ರಲ್ಲಿ ರಷ್ಯಾ ಸಾಮ್ರಾಜ್ಯದ ಕೈಸೇರುವ ಮುನ್ನ ಅದು ಪೋಲೆಂಡ್-ಲಿಥುವೇನಿಯಾ ಒಕ್ಕೂಟದ ಭಾಗವಾಗಿತ್ತು. ಹಾಗಾಗಿ ಇಲ್ಲಿನ ಜನ ಕ್ಯಾಥೊಲಿಕರಾಗಿಯೇ ಉಳಿದರು. ಪಶ್ಚಿಮದ ಪ್ರಾಂತ್ಯಗಳಲ್ಲಿ 1817 ಮತ್ತು 1819ರಲ್ಲೇ ಜೀತ ರದ್ದಾಗಿದ್ದರೆ, ವಿಟೆಬ್ಸ್ಕ್ ಪ್ರಾಂತ್ಯದ ಅಡಿಯಲ್ಲಿದ್ದ ಲಾಟ್ಗಾಲೆಯ ರೈತರು 1861ರ ತನಕ ಕಾಯಬೇಕಾಯಿತು. ಅದಾಗಿ ನಾಲ್ಕೇ ವರ್ಷಕ್ಕೆ, 1865ರಲ್ಲಿ, ಲ್ಯಾಟಿನ್ ಲಿಪಿಯಲ್ಲಿ ಅವರ ನುಡಿಯ ಪುಸ್ತಕ ಅಚ್ಚು ಹಾಕುವುದನ್ನೇ ಸಾಮ್ರಾಜ್ಯ ನಿಷೇಧಿಸಿತು. ಆ ನಿಷೇಧ ತೆರವಾದದ್ದು 1904ರಲ್ಲಿ. ಆಗ ಪೌಲಾನ್ಸ್‌ಗೆ ಎಂಟು ವರ್ಷ. ತಾಯ್ನುಡಿಯ ಪ್ರಾರ್ಥನಾ ಪುಸ್ತಕವನ್ನು ಕದ್ದು ಓದಬೇಕಿದ್ದ ಸೀಮೆಯಲ್ಲಿ ಕೈಕಸುಬಿಗೆ ಎಂಥ ತೂಕ ಇತ್ತೆಂದು ಊಹಿಸುವುದು ಕಷ್ಟವಲ್ಲ. ಪುಸ್ತಕವಿಲ್ಲದೆ, ಶಾಲೆಯಿಲ್ಲದೆ, ಕೈಯಿಂದ ಕೈಗೆ ದಾಟಬಲ್ಲ ವಿದ್ಯೆ ಅದು.

ಹಿಮಯುಗದ ನೀರ್ಗಲ್ಲುಗಳು ಕೊರೆದು ಬಿಟ್ಟುಹೋದ ನೆಲ ಇದು. ಸಣ್ಣ ದಿಬ್ಬಗಳು, ಅವುಗಳ ನಡುವೆ ಲೆಕ್ಕವಿಲ್ಲದಷ್ಟು ಕೆರೆ. ಬೇಸಾಯಕ್ಕೆ ಅಷ್ಟೇನೂ ಉದಾರವಲ್ಲದ ಈ ನೆಲ ಕುಂಬಾರನಿಗೆ ಮಾತ್ರ ಕಬ್ಬಿಣದ ಅಂಶವುಳ್ಳ ಕೆಂಪು ಜೇಡಿಯನ್ನೂ, ಆವಿಗೆಯನ್ನು ಅಗೆದು ಕೂರಿಸಲು ಇಳಿಜಾರನ್ನೂ, ಉರಿಸಲು ಕಾಡನ್ನೂ ಒಟ್ಟಿಗೇ ಕೊಟ್ಟಿತು. ಇಲ್ಲಿನ ಕುಂಬಾರ ಬಹುಪಾಲು ರೈತನೂ ಹೌದು. ಹೊಲದ ಕೆಲಸ ಬಿಡುವಾದಾಗ ತಿಗರಿಯ ಮುಂದೆ ಕೂರುವವನು.

ಅವನು ಮಾಡುತ್ತಿದ್ದ ಪಾತ್ರೆಗಳೆಲ್ಲ ಒಂದೊಂದು ಕೆಲಸಕ್ಕೆ ಬಿಗಿಯಾಗಿ ಹೊಂದಿಕೊಂಡವು. ದೊಡ್ಡ ರೊಟ್ಟಿ ಒಲೆಯ ಕಾವಿನಲ್ಲಿ ಗಂಟೆಗಟ್ಟಲೆ ಇಟ್ಟು ಬೇಯಿಸುವ ಗಡಿಗೆಗೆ ಬುಡ ಕಿರಿದು, ಹೆಗಲು ಅಗಲ. ಜೇನು ತುಂಬಿಡುವ ಭರಣಿಗೆ ಮೆದೌನಿಕ್ಸ್ ಎನ್ನುತ್ತಾರೆ; ಅದರ ಹೊಟ್ಟೆ ದುಂಡು, ಕಂಠದ ಬಳಿ ಹಿಡಿ. ಹೊಲಕ್ಕೆ ಬುತ್ತಿ ಒಯ್ಯುವ ಪಾತ್ರೆಗೆ ಬಾಯ ಮೇಲಿನಿಂದ ಕಮಾನಿನಂತೆ ಹಾದುಹೋಗುವ ಹಿಡಿ, ಅದರ ಹೆಸರು ಪಾರೋಸಿಸ್. ಬೆಣ್ಣೆ ಕಡೆಯುವ ಕೊಳಗ, ಎಣ್ಣೆಯ ಕುಡಿಕೆ, ಹಾಲಿನ ಗಡಿಗೆ, ಅಗಲ ಬಟ್ಟಲು. ಮಕ್ಕಳಿಗೆ ಹಕ್ಕಿಯ, ಕುದುರೆಯ, ಕುದುರೆ ಸವಾರನ ಆಕಾರದ ಊದುವ ಸೀಟಿ. ಸ್ವಿಲ್ಪೌನಿಕ್ಸ್ ಎಂಬ ಈ ಸೀಟಿಗಳಿಲ್ಲದೆ ಲಾಟ್ಗಾಲೆಯ ಜಾತ್ರೆ ಇಲ್ಲ. ಗಾಡಿಗೆ ಹುಲ್ಲು ಹಾಸಿ ಮಾಲು ಹೇರಿ ಜಾತ್ರೆಗೆ ಹೊರಟರೆ ಹಣಕ್ಕೂ ಮಾರಾಟ, ಧಾನ್ಯಕ್ಕೂ ವಿನಿಮಯ.

ಮಣ್ಣು, ಸೀಸ, ಬೆಂಕಿ

ಕುಂಬಾರನ ವರ್ಷ ಶುರುವಾಗುವುದು ಶರತ್ಕಾಲದಲ್ಲಿ. ಅಗೆದ ಜೇಡಿಯನ್ನು ಬಯಲಲ್ಲೇ ರಾಶಿ ಹಾಕಿ ಚಳಿಗಾಲಕ್ಕೆ ಬಿಡುತ್ತಾರೆ. ಜೇಡಿಯೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ, ಗಟ್ಟಿ ಹೆಂಟೆಗಳನ್ನು ಒಳಗಿನಿಂದಲೇ ಒಡೆಯುತ್ತದೆ. ಮನುಷ್ಯ ತುಳಿದು ಮಾಡಬೇಕಾದ ಅರ್ಧ ಕೆಲಸವನ್ನು ಹಿಮ ಮಾಡಿಕೊಡುತ್ತದೆ. ವಸಂತದಲ್ಲಿ ಅದನ್ನು ತುಳಿದು, ನಾದಿ, ಕಲ್ಲು ಹೆಕ್ಕಿ ಹದಕ್ಕೆ ತರಬೇಕು.

ಈ ಕಲ್ಲು ಹೆಕ್ಕುವುದು ಸಣ್ಣ ಕೆಲಸವಲ್ಲ. ನೀರ್ಗಲ್ಲು ತಂದು ಸುರಿದ ಜೇಡಿಯಲ್ಲಿ ಸುಣ್ಣದ ಹರಳುಗಳು ಬೆರೆತಿರುತ್ತವೆ. ಜೋಳದ ಕಾಳಿನಷ್ಟು ದೊಡ್ಡ ಒಂದು ಹರಳು ಕಣ್ತಪ್ಪಿ ಉಳಿಯಿತು ಎಂದುಕೊಳ್ಳಿ. ಆವಿಗೆಯ ಕಾವಿಗೆ ಅದು ಸುಟ್ಟ ಸುಣ್ಣವಾಗುತ್ತದೆ. ಪಾತ್ರೆ ಆವಿಗೆಯಿಂದ ಹೊರಬಂದಾಗ ಏನೂ ತೋರುವುದಿಲ್ಲ. ಗಾಳಿಯ ತೇವವನ್ನು ಕುಡಿಯುತ್ತಾ ಕೆಲವು ದಿನಗಳಲ್ಲಿ ಅದು ಉಬ್ಬಿ, ಪಾತ್ರೆಯ ಮೈಯಿಂದ ಒಂದು ಚಕ್ಕೆಯನ್ನು ಹಾರಿಸಿ ಬಿಳಿಯ ಗುಳಿ ಉಳಿಸುತ್ತದೆ. ಅಷ್ಟರೊಳಗೆ ಪಾತ್ರೆ ಕೊಂಡವರ ಮನೆ ಸೇರಿರುತ್ತದೆ. ಕುಂಬಾರನ ಹೆಸರು ಕೆಡಲು ಇಷ್ಟು ಸಾಕು.

ತಿಗರಿ ಕಾಲಿನಿಂದ ಒದ್ದು ತಿರುಗಿಸುವಂಥದ್ದು. ಅದರ ಮೇಲೆ ಎತ್ತಿದ ಪಾತ್ರೆ ನೆರಳಿನಲ್ಲಿ ಆರಬೇಕು. ಮುಂದಿನ ಹೆಜ್ಜೆ ಮೆರುಗು. ಮಡಕೆಯ ಮೈಮೇಲೆ ಗಾಜಾಗಿ ಕೂರುವ ಲೇಪ. ಲಾಟ್ಗಾಲೆಯ ಮೆರುಗಿನ ಜೀವಾಳ ಸೀಸ. ಸೀಸ 327 ಡಿಗ್ರಿಗೆ ಕರಗುತ್ತದೆ. ಕರಗಿದ ಮೇಲೂ ಕಾಯಿಸುತ್ತ ಕಲಕುತ್ತಿದ್ದರೆ ಗಾಳಿಯೊಂದಿಗೆ ಕೂಡಿ ಪುಡಿಯಾಗುತ್ತದೆ. ಆ ಪುಡಿಯನ್ನು ಮರಳಿನೊಂದಿಗೆ ಬೀಸುಕಲ್ಲಿನಲ್ಲಿ ಅರೆದರೆ ಮೆರುಗಿನ ಮೂಲ ಸಿದ್ಧ. ಮರಳೊಂದನ್ನೇ ಕರಗಿಸಿ ಗಾಜು ಮಾಡಲು 1700 ಡಿಗ್ರಿ ಕಾವು ಬೇಕು, ಅದು ಯಾವ ಹಳ್ಳಿಯ ಆವಿಗೆಗೂ ನಿಲುಕದ ಮಾತು. ಸೀಸ ಸೇರಿದರೆ ಅದೇ ಮರಳು ಸೌದೆಯ ಬೆಂಕಿಗೂ ಕರಗಿ ಹರಿಯುತ್ತದೆ. ಮೇಲಾಗಿ ಸೀಸದ ಮೆರುಗು ಕ್ಷಮಾಗುಣವುಳ್ಳದ್ದು. ಆವಿಗೆಯ ಒಂದು ಮೂಲೆ ಬಿಸಿ, ಇನ್ನೊಂದು ಮೂಲೆ ತಣ್ಣಗೆ ಇದ್ದರೂ ಎರಡೂ ಕಡೆ ಅದು ಹೊಂದಿಕೊಂಡು ಕೂರುತ್ತದೆ, ಸಣ್ಣ ಗೀರುಗಳನ್ನು ತುಂಬಿ ಮುಚ್ಚುತ್ತದೆ, ಬೇರಾವ ಲೇಪಕ್ಕೂ ಇಲ್ಲದ ಆಳವಾದ ಹೊಳಪು ಕೊಡುತ್ತದೆ.

ಬಣ್ಣಕ್ಕೆ ತಾಮ್ರ, ಮ್ಯಾಂಗನೀಸ್, ಕಬ್ಬಿಣ. ತಾಮ್ರ ಹಸಿರು ಕೊಡುತ್ತದೆ, ಮ್ಯಾಂಗನೀಸ್ ಕಡುಗಂದು. ಏನೂ ಬೆರೆಸದ ಸೀಸದ ಮೆರುಗು ಕೆಂಪು ಮಣ್ಣಿನ ಮೇಲೆ ಕೂತರೆ ಜೇನುಬಣ್ಣ. ಕೆಳಗೆ ಬಿಳಿ ಜೇಡಿಯ ತೆಳುಪದರ ಬಳಿದು ಅದರ ಮೇಲೆ ಮೆರುಗು ಹಾಕಿದರೆ ಬಣ್ಣ ತಿಳಿಯಾಗಿ ಮೇಲೇಳುತ್ತದೆ. ಬಣ್ಣದ ಪಟ್ಟಿ ಇಷ್ಟೇ. ಆದರೆ ಸೌದೆಯ ಆವಿಗೆಯಲ್ಲಿ ಜ್ವಾಲೆ ನೆಕ್ಕಿದ ಕಡೆ ಒಂದು ಛಾಯೆ, ಹೊಗೆ ಸುತ್ತಿದ ಕಡೆ ಇನ್ನೊಂದು. ಬೂದಿ ಬಿದ್ದಲ್ಲಿ ಮತ್ತೊಂದು. ಒಂದೇ ಆವಿಗೆಯಲ್ಲಿ ಸುಟ್ಟ ಎರಡು ಪಾತ್ರೆಗಳು ಒಂದೇ ಬಣ್ಣಕ್ಕೆ ಬರುವುದಿಲ್ಲ.

ಆವಿಗೆ ದುಂಡಗಿನದು, ಕೆಳಗೆ ಉರಿಗೂಡು, ನಡುವೆ ತೂತುಗಳ ತಳ, ಅದರ ಮೇಲೆ ಪಾತ್ರೆಗಳು. ಮೊದಲು ಮಂದ ಉರಿ. ಮಣ್ಣಿನಲ್ಲಿ ಉಳಿದ ತೇವ ನಿಧಾನವಾಗಿ ಹೋಗಬೇಕು, ಅವಸರಪಟ್ಟರೆ ಪಾತ್ರೆ ಸಿಡಿಯುತ್ತದೆ. ಆಮೇಲೆ ಉರಿ ಏರಿಸುತ್ತ ಹೋಗಿ, ಒಳಗೆ ಮೆರುಗು ಕರಗಿ ಕನ್ನಡಿಯಂತೆ ಹೊಳೆಯುವ ತನಕ ಕಾಯಬೇಕು. ತಾಪಮಾಪಕ ಇಲ್ಲದ ಕಡೆ ಕಾವನ್ನು ಅಳೆಯುವುದು ಕಣ್ಣು. ಕಡುಗೆಂಪು ಹೋಗಿ ಕಿತ್ತಳೆ ಬಂತೇ, ಕಿತ್ತಳೆ ತಿಳಿಯಾಯಿತೇ ಎಂದು ನೋಡಬಲ್ಲ ಕಣ್ಣನ್ನು ಸಂಪಾದಿಸಲು ಎಷ್ಟೋ ಆವಿಗೆ ಸುಡಬೇಕು. ಈ ಪ್ರಕರಣದಲ್ಲಿ ಉಳಿಯಬೇಕಾದದ್ದು ಏನು ಎಂದು ಕೇಳಿದರೆ ನಾನು ಮೊದಲು ಬೆರಳು ಮಾಡುವುದು ಈ ಕಣ್ಣಿನ ಕಡೆಗೆ. ಪಾತ್ರೆಯ ಆಕಾರವನ್ನು ವಸ್ತುಸಂಗ್ರಹಾಲಯದಲ್ಲಿ ಇಡಬಹುದು, ನೋಡಿ ಮತ್ತೆ ಮಾಡಬಹುದು. ಬೆಂಕಿಯ ಬಣ್ಣ ಓದುವ ಕಣ್ಣನ್ನು ಗಾಜಿನ ಕಪಾಟಿನಲ್ಲಿ ಇಡಲಾಗದು. ಒಂದು ತಲೆಮಾರು ಆವಿಗೆ ಹೊತ್ತಿಸದಿದ್ದರೆ ಅದು ಹೋಯಿತು.

ಕಂಬ ಎಂಬ ತಿರುವು

ಎನಾಮಲ್ ಪಾತ್ರೆ ಒಡೆಯುವುದಿಲ್ಲ, ಹಗುರ, ನೇರ ಉರಿಯ ಮೇಲೆ ಇಡಬಹುದು. ಪಿಂಗಾಣಿ ಬೆಳ್ಳಗೆ ಮಿನುಗುತ್ತದೆ. ಇವೆರಡರ ಎದುರು ಮಣ್ಣಿನ ಗಡಿಗೆಯನ್ನು ಅಗ್ಗವಾಗಿ ಮಾರುವುದೊಂದೇ ದಾರಿ, ಅಗ್ಗವಾಗಿ ಮಾರಿದರೆ ಸೌದೆಯ ಖರ್ಚೂ ಹುಟ್ಟದು. ಇದು ಲಾಟ್ಗಾಲೆಗೆ ಮಾತ್ರ ಬಂದ ಕಷ್ಟವಲ್ಲ. ಆದರೆ ಲಾಟ್ಗಾಲೆಯಲ್ಲಿ ಅದೇ ಹೊತ್ತಿಗೆ ಇನ್ನೊಂದು ಬಾಗಿಲು ತೆರೆಯಿತು. 1918ರಲ್ಲಿ ಸ್ವತಂತ್ರವಾದ ಲಾಟ್ವಿಯಾ ತನ್ನದು ಎನ್ನಬಹುದಾದ ಕಲೆಗಾಗಿ ಹುಡುಕುತ್ತಿತ್ತು. 1924ರಲ್ಲಿ ರೀಗಾದ ಹೊರವಲಯದಲ್ಲಿ ಬಯಲು ಜನಪದ ವಸ್ತುಸಂಗ್ರಹಾಲಯ ಸ್ಥಾಪನೆಯಾಯಿತು. 1934ರ ಮೇ 15ರ ಕ್ಷಿಪ್ರಕ್ರಾಂತಿಯಲ್ಲಿ ಕಾರ್ಲಿಸ್ ಉಲ್ಮಾನಿಸ್ ಅಧಿಕಾರ ಹಿಡಿದ ಮೇಲೆ ಸರ್ಕಾರವೇ ಜನಪದ ಶೈಲಿಯನ್ನು ಎತ್ತಿಹಿಡಿಯಿತು. ಆ ಆಡಳಿತ ಸಂಸತ್ತನ್ನು ಮುಚ್ಚಿದ ಆಡಳಿತ ಎಂಬುದನ್ನು ಮರೆಯಬಾರದು. ಅದರ ರಾಷ್ಟ್ರೀಯತೆಯ ಅಬ್ಬರದಿಂದ ಹಳ್ಳಿಯ ಕುಂಬಾರನಿಗೆ ನಗರದ ಗಿರಾಕಿ ಸಿಕ್ಕಿದ್ದೂ ಅಷ್ಟೇ ನಿಜ.

ನಗರದ ಗಿರಾಕಿಗೆ ಬೆಣ್ಣೆ ಕಡೆಯುವ ಕೊಳಗ ಬೇಡ. ಅವನಿಗೆ ಮೇಜಿನ ಮೇಲೆ, ಅಗ್ಗಿಷ್ಟಿಕೆಯ ಮೇಲೆ ಇಡುವ ವಸ್ತು ಬೇಕು. ಹೂದಾನಿ, ಗೋಡೆಗೆ ತೂಗುವ ತಟ್ಟೆ, ಮೇಣದಬತ್ತಿ ಕಂಬ. ಒಂದೇ ಬತ್ತಿಯ ಸರಳ ಕಂಬ ಮಾಡುವುದು ಕುಂಬಾರರಿಗೆ ದೊಡ್ಡ ಮಾತಲ್ಲ. ಎರಡು ಯುದ್ಧಗಳ ನಡುವಿನ ಈ ವರ್ಷಗಳಲ್ಲಿ ಕಂಬಕ್ಕೆ ಕವಲೊಡೆಯಿತು. ಮೂರು ಕವಲು, ಐದು ಕವಲು, ಇನ್ನೂ ಹೆಚ್ಚು. ಪೌಲಾನ್ಸ್ ಈ ಕವಲುಕಂಬದ ದೊಡ್ಡ ಕೈ.

ಅದನ್ನು ಮಾಡುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಂಬ ಒಂದೇ ತುಂಡಿನಲ್ಲಿ ಹುಟ್ಟುವುದಿಲ್ಲ. ಬುಡವನ್ನು ತಿಗರಿಯ ಮೇಲೆ ಟೊಳ್ಳಾಗಿ, ಬೋರಲು ಬಟ್ಟಲಿನ ಆಕಾರದಲ್ಲಿ ಎತ್ತುತ್ತಾರೆ. ನಡುಗಂಬವನ್ನು ಬೇರೆಯಾಗಿ, ಬತ್ತಿ ನಿಲ್ಲುವ ಪುಟ್ಟ ಬಟ್ಟಲುಗಳನ್ನು ಒಂದೊಂದಾಗಿ. ಕವಲುಗಳನ್ನು ಬಾಗಿಸಿ ಸಿದ್ಧಮಾಡುತ್ತಾರೆ. ಎಲ್ಲವೂ ಅರೆ ಆರಿ, ಬೆರಳು ಒತ್ತಿದರೆ ತಗ್ಗಾಗದಷ್ಟು ಗಟ್ಟಿಯಾದಾಗ ಕೂಡಿಸುವ ಕೆಲಸ. ಕೂಡುವ ಎರಡೂ ಮೈಗಳನ್ನು ಗೀರಿ, ತೆಳು ಮಣ್ಣಿನ ರಾಡಿ ಸವರಿ, ಒತ್ತಿ ಹಿಡಿದು, ಸಂದಿಯನ್ನು ಬೆರಳಿನಿಂದ ತೀಡಬೇಕು. ಕವಲಿನ ಬಾಗು ಬುಡದ ತೂಕಕ್ಕೆ ಸಮವಾಗಿರಬೇಕು, ಇಲ್ಲವಾದರೆ ಹಸಿಯಾಗಿರುವಾಗಲೇ ಜೋತುಬೀಳುತ್ತದೆ.

ಅಪಾಯ ಇರುವುದು ಆಮೇಲೆ. ಜೇಡಿ ಆರುವಾಗ ಕುಗ್ಗುತ್ತದೆ. ತೆಳ್ಳಗಿನ ಕವಲು ಬೇಗ ಆರಿ ಮೊದಲು ಕುಗ್ಗುತ್ತದೆ, ದಪ್ಪ ನಡುಗಂಬ ಇನ್ನೂ ಹಸಿ. ಎರಡರ ಎಳೆದಾಟ ನಡೆಯುವುದು ಸಂದಿಯಲ್ಲಿ. ಕೂದಲೆಳೆಯ ಬಿರುಕು ಅಲ್ಲಿ ಕಾಣಿಸಿತೆಂದರೆ ಆವಿಗೆಯಲ್ಲಿ ಅದು ಬಾಯಿಬಿಡುತ್ತದೆ. ಹಾಗಾಗಿ ಕವಲಿನ ತುದಿಗೆ ಒದ್ದೆಬಟ್ಟೆ ಸುತ್ತಿ, ಬುಡಕ್ಕೆ ಗಾಳಿ ಬಿಟ್ಟು, ಎಲ್ಲವನ್ನೂ ಒಂದೇ ವೇಗದಲ್ಲಿ ಆರಿಸಬೇಕು. ಗಡಿಗೆ ಮಾಡುವವನಿಗೆ ಎದುರಾಗದ ಕಷ್ಟ ಇದು. ಗಡಿಗೆ ಸುತ್ತಲೂ ಒಂದೇ ದಪ್ಪ, ಒಂದೇ ಸಮ ಕುಗ್ಗುತ್ತದೆ.

ಆವಿಗೆ ತುಂಬುವಾಗಲೂ ಅಷ್ಟೇ. ಗಡಿಗೆಯೊಳಗೆ ಕುಡಿಕೆ, ಗಡಿಗೆಯ ಮೇಲೆ ಗಡಿಗೆ ಎಂದು ಒಟ್ಟಬಹುದು. ಕವಲುಕಂಬದ ಮೇಲೆ ಏನನ್ನೂ ಇಡುವಂತಿಲ್ಲ, ಅದರ ಕೈಗಳು ಪಕ್ಕದ ಪಾತ್ರೆಗೆ ತಾಗಿದರೆ ಮೆರುಗು ಕರಗಿ ಎರಡೂ ಅಂಟಿಕೊಳ್ಳುತ್ತವೆ. ಒಂದು ದೊಡ್ಡ ಕಂಬ ಆವಿಗೆಯಲ್ಲಿ ಹತ್ತಾರು ಪಾತ್ರೆಗಳ ಜಾಗ ನುಂಗುತ್ತದೆ. ಅದು ಒಡೆದರೆ ಅಷ್ಟೂ ಪಾತ್ರೆಗಳ ಸೌದೆ ದಂಡ. ಕಂಬ ಮಾಡುವುದು ಸುಲಭದ ಸಂಪಾದನೆಗೆ ಇಳಿದವರ ಕೆಲಸ ಎಂಬ ಮಾತನ್ನು ನಾನು ಒಪ್ಪದಿರುವುದು ಇದರಿಂದಲೇ. ಪರಂಪರೆಯ ಎಲ್ಲ ಪಾತ್ರೆಗಳಿಗಿಂತಲೂ ಹೆಚ್ಚಿನ ನೈಪುಣ್ಯವನ್ನು ಅದು ಬೇಡುತ್ತದೆ.

ಪ್ರತಿಫಲ ಕಾಣುವುದು ಮೆರುಗಿನಲ್ಲಿ. ಗಡಿಗೆಯ ದುಂಡು ಮೈಮೇಲೆ ಕರಗಿದ ಮೆರುಗು ಸಮನಾಗಿ ಇಳಿಯುತ್ತದೆ. ಕಂಬದ ಮೇಲೆ ಅದಕ್ಕೆ ನೂರೆಂಟು ಹಾದಿ. ಬಟ್ಟಲಿನ ಅಲೆಯಲೆಯಾದ ಅಂಚಿನಲ್ಲಿ ಮೆರುಗು ತೆಳುವಾಗಿ, ಕೆಳಗಿನ ಕೆಂಪು ಮಣ್ಣು ಇಣುಕುತ್ತದೆ. ಕವಲಿನ ಬಾಗಿನಲ್ಲಿ ಅದು ಜಾರಿ, ಅತ್ಯಂತ ತಗ್ಗಿನ ಜಾಗದಲ್ಲಿ ಮಡುಗಟ್ಟುತ್ತದೆ. ಅಲ್ಲಿ ಹಸಿರು ಕಪ್ಪಿಗೆ ತಿರುಗುವಷ್ಟು ಗಾಢ. ಸಂದಿಗಳಲ್ಲಿ ಕಂದು ನಿಂತು ಕುಂಬಾರನ ಬೆರಳಿನ ಗುರುತುಗಳನ್ನು ಗೆರೆಯೆಳೆದು ತೋರಿಸುತ್ತದೆ. ಸೀಸದ ಮೆರುಗಿಗೆ ಏನೇನು ಮಾಡಲು ಬರುತ್ತದೆಯೋ ಅದೆಲ್ಲವೂ ಬಯಲಾಗುವುದು ಈ ಆಕಾರದಲ್ಲಿ. ಅಡುಗೆಯ ಗಡಿಗೆಯಲ್ಲಿ ಕಾವಲಿಗಿದ್ದ ಮೆರುಗು ಇಲ್ಲಿ ತಾನೇ ಕಲೆಯಾಗಿ ನಿಂತಿತು.

ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. ಜಾತ್ರೆಯಲ್ಲಿ ಮಾರಾಟವಾದ ಗಡಿಗೆಗೆ ಊರ ಹೆಸರು ಇದ್ದೀತು, ಕುಂಬಾರನ ಹೆಸರು ನೆರೆಹೊರೆಯನ್ನು ದಾಟುತ್ತಿರಲಿಲ್ಲ. ಪ್ರದರ್ಶನಕ್ಕೆ ಹೋದ ಕಂಬದ ಜೊತೆ ಹೆಸರೂ ಹೋಯಿತು. ಪ್ಯಾರಿಸ್ಸಿನ ಪದಕ ಲಾಟ್ಗಾಲೆಗೆ ಎಂದು ಬರಲಿಲ್ಲ, ಇಂಥಿಂಥವರಿಗೆ ಎಂದು ಬಂತು. ಅವರಿಗಿಂತ ಹಿಂದೆ ಶತಮಾನಗಳ ಕಾಲ ಅಷ್ಟೇ ಚೆನ್ನಾಗಿ ದುಡಿದವರ ಹೆಸರುಗಳು ನಮಗೆ ಉಳಿದಿಲ್ಲ ಎಂಬ ನೋವು ಈ ಸಂತೋಷದ ಜೊತೆಗೇ ಬರುತ್ತದೆ.

ಪದಕದ ನಂತರ

ಮೂರೇ ವರ್ಷ. 1940ರ ಜೂನ್‌ನಲ್ಲಿ ಸೋವಿಯತ್ ಸೇನೆ ಲಾಟ್ವಿಯಾವನ್ನು ಆಕ್ರಮಿಸಿತು, 1941ರಲ್ಲಿ ಜರ್ಮನ್ ಸೇನೆ, 1944ರಲ್ಲಿ ಮತ್ತೆ ಸೋವಿಯತ್. ರೇಜೆಕ್ನೆ ಪಟ್ಟಣದ ಬಹುಭಾಗ ಬಾಂಬಿಗೆ ನೆಲಸಮವಾಯಿತು. 1949ರ ಮಾರ್ಚ್ 25ರಂದು ಆರಂಭವಾದ ಗಡೀಪಾರಿನಲ್ಲಿ ಲಾಟ್ವಿಯಾದಿಂದ ಸುಮಾರು 42,000 ಜನರನ್ನು ಸೈಬೀರಿಯಾಕ್ಕೆ ಸಾಗಿಸಿದರು. ಅದರ ಭಯದಲ್ಲೇ ಉಳಿದ ರೈತರು ಸಾಮೂಹಿಕ ಬೇಸಾಯದ ಕೃಷಿಕೂಟಗಳಿಗೆ ಸೇರಿದರು. ಸ್ವಂತ ಜಮೀನು, ಸ್ವಂತ ಕುದುರೆ, ಸ್ವಂತ ಹೊತ್ತು ಎಂಬುದು ಹೋಯಿತು. ರೈತಕುಂಬಾರನ ಬದುಕು ನಿಂತಿದ್ದು ಇವುಗಳ ಮೇಲೆಯೇ.

ಆದರೂ ಆವಿಗೆ ಆರಲಿಲ್ಲ. ಇಲ್ಲಿಯೂ ಕಂಬ ಕೈಹಿಡಿಯಿತು ಎಂದೇ ನಾನು ಓದುತ್ತೇನೆ. ಗಡಿಗೆ ಮಾರುವ ಖಾಸಗಿ ಕಸುಬುದಾರನನ್ನು ಸೋವಿಯತ್ ವ್ಯವಸ್ಥೆ ಅನುಮಾನದಿಂದ ಕಂಡಿತು. ಪ್ರದರ್ಶನಕ್ಕೆ ಕಳಿಸಬಹುದಾದ ಜನಪದ ಕಲಾವಿದನಿಗೆ ಅದರಲ್ಲಿ ಜಾಗವಿತ್ತು. ಜನಪದ ಅನ್ವಯಿಕ ಕಲೆಯ ಕೇಂದ್ರಗಳು ಹುಟ್ಟಿದವು, ಕುಶಲಕರ್ಮಿಗಳಿಗೆ ಜನಪದ ಕರಕುಶಲ ಗುರು ಎಂಬ ಪದವಿ ಬಂತು. 1971ರಿಂದ ರೀಗಾದ ಬಯಲು ವಸ್ತುಸಂಗ್ರಹಾಲಯದಲ್ಲಿ ಜೂನ್ ಆರಂಭದ ವಾರಾಂತ್ಯದಲ್ಲಿ ಕರಕುಶಲ ಜಾತ್ರೆ ನಡೆಯತೊಡಗಿತು, ಲಾಟ್ಗಾಲೆಯ ಕುಂಬಾರರು ಅಲ್ಲಿಗೆ ಮಾಲು ತಂದರು. ಪೌಲಾನ್ಸ್ ತೀರಿಕೊಂಡದ್ದು ಇದಾದ ಎರಡು ವರ್ಷಕ್ಕೆ. ಅವರಿಗಿಂತ ಎರಡು ವರ್ಷ ಹಿರಿಯರಾದ ವಿಲ್ತ್ಸಾನ್ಸ್ 1969ರಲ್ಲೇ ತೀರಿಕೊಂಡಿದ್ದರು. ಅಷ್ಟರಲ್ಲಿ ಮುಂದಿನ ತಲೆಮಾರು ಕಾಲೂರಿತ್ತು. 1923ರಲ್ಲಿ ಹುಟ್ಟಿ 1997ರವರೆಗೆ ಬಾಳಿದ ಪೋಲಿಕಾರ್ಪ್ಸ್ ಚೆರ್ನ್ಯಾವ್ಸ್ಕಿಸ್ ಆ ತಲೆಮಾರಿನ ದೊಡ್ಡ ಹೆಸರು. ಪ್ರೆಯ್ಲಿಯಲ್ಲಿರುವ ಅವರ ಮನೆ ಇಂದು ಕುಂಬಾರಿಕೆಯ ಮನೆಯಾಗಿ ಉಳಿದಿದೆ.

ಸೀಸದ ಲೆಕ್ಕ

ಇಷ್ಟು ಹೊತ್ತು ಸೀಸವನ್ನು ಹೊಗಳಿದ್ದಾಯಿತು. ಅದರ ಇನ್ನೊಂದು ಮುಖವನ್ನು ಬಿಟ್ಟರೆ ಈ ಅಧ್ಯಯನ ಅಪ್ರಾಮಾಣಿಕವಾಗುತ್ತದೆ.

ಸೀಸ ವಿಷ. ಸರಿಯಾಗಿ ಕಾಯದ ಮೆರುಗಿನಿಂದ, ಅದರಲ್ಲೂ ತಾಮ್ರ ಬೆರೆತ ಹಸಿರು ಮೆರುಗಿನಿಂದ, ಹುಳಿ ಪದಾರ್ಥಗಳು ಸೀಸವನ್ನು ಎಳೆದುಕೊಳ್ಳುತ್ತವೆ. ಲಾಟ್ಗಾಲೆಯ ಅಡುಗೆಮನೆಯಲ್ಲಿ ಹುಳಿಗೆ ಕೊರತೆಯಿಲ್ಲ: ಹುಳಿಬರಿಸಿದ ಎಲೆಕೋಸು, ಹುಳಿ ಹಾಲು, ಕಾಡುಹಣ್ಣಿನ ಪಾಕ. ಯುರೋಪಿನ ಕಾನೂನು ಇದನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು 1984ರ ನಿರ್ದೇಶನದಲ್ಲಿ. ಪಾತ್ರೆಗೆ ನೂರಕ್ಕೆ 4ರಷ್ಟು ಅಸಿಟಿಕ್ ಆಮ್ಲ ತುಂಬಿ, 22 ಡಿಗ್ರಿಯಲ್ಲಿ 24 ಗಂಟೆ ಇಟ್ಟು, ಎಷ್ಟು ಸೀಸ ಇಳಿಯಿತೆಂದು ಅಳೆಯುತ್ತಾರೆ. ಅಡುಗೆ ಮಾಡುವ ಪಾತ್ರೆಯಾದರೆ ಲೀಟರಿಗೆ 1.5 ಮಿಲಿಗ್ರಾಂ ಮೀರುವಂತಿಲ್ಲ, ಸಾಮಾನ್ಯ ತುಂಬುಪಾತ್ರೆಯಾದರೆ 4 ಮಿಲಿಗ್ರಾಂ. 2004ರ ಮೇ 1ರಂದು ಲಾಟ್ವಿಯಾ ಯುರೋಪಿಯನ್ ಒಕ್ಕೂಟಕ್ಕೆ ಸೇರಿದ ಮೇಲೆ ಈ ಅಳತೆ ಲಾಟ್ಗಾಲೆಯ ಕುಂಬಾರನಿಗೂ ಅನ್ವಯ.

ಕಂಬದಲ್ಲಿ ಯಾರೂ ಎಲೆಕೋಸು ತುಂಬುವುದಿಲ್ಲ. ಊಟದ ಪಾತ್ರೆಯಿಂದ ಸೀಸ ಹೊರಹೋಗಲೇಬೇಕಾದಾಗ, ಪೌಲಾನ್ಸ್ ತಲೆಮಾರು ಕಟ್ಟಿದ ಹಸಿರು ಕಂದು ಸೌಂದರ್ಯಕ್ಕೆ ಆಸರೆಯಾಗಿ ಊಟಕ್ಕೆ ತಾಗದ ಆಕಾರವೊಂದು ಅದಾಗಲೇ ಸಿದ್ಧವಾಗಿತ್ತು. ಯಾರೂ ಯೋಜಿಸಿ ಮಾಡಿದ್ದಲ್ಲ. ಗಿರಾಕಿಯನ್ನು ಹುಡುಕಿಕೊಂಡು ಹೋದ ಕುಂಬಾರರು ತಮಗರಿವಿಲ್ಲದೆ ಮೆರುಗಿಗೂ ಒಂದು ಮನೆ ಕಟ್ಟಿಕೊಟ್ಟಿದ್ದರು.

ಅಡುಗೆಮನೆಯ ಪ್ರಶ್ನೆಗೆ ಉತ್ತರ ಇನ್ನೊಂದು ದಿಕ್ಕಿನಿಂದ ಬಂತು, ಮೆರುಗಿಗಿಂತಲೂ ಹಳೆಯದಾದ ಕರಿಮಡಕೆಯಿಂದ. ಆವಿಗೆ ಕಾವಿನ ತುತ್ತತುದಿಯಲ್ಲಿರುವಾಗ ಗಾಳಿಯ ದಾರಿಗಳನ್ನೆಲ್ಲ ಮುಚ್ಚಿಬಿಟ್ಟರೆ ಒಳಗೆ ಹೊಗೆ ತುಂಬುತ್ತದೆ, ಆಮ್ಲಜನಕ ಸಿಗದ ಬೆಂಕಿ ಅದನ್ನು ಜೇಡಿಯೊಳಗಿನ ಕಬ್ಬಿಣದಿಂದಲೇ ಕಿತ್ತುಕೊಳ್ಳುತ್ತದೆ. ಕೆಂಪಾಗಬೇಕಿದ್ದ ಕಬ್ಬಿಣ ಕಪ್ಪಾಗುತ್ತದೆ, ಮಸಿ ಸೂಕ್ಷ್ಮ ರಂಧ್ರಗಳಿಗೆ ಇಳಿಯುತ್ತದೆ. ಸೀಸವೂ ಬೇಡ, ಬೇರಾವ ಲೇಪವೂ ಬೇಡ. 1990ರಲ್ಲಿ ಲಾಟ್ಗಾಲೆಯಲ್ಲಿ ಹುಟ್ಟಿದ ‘ಪೂದ್ನೀಕು ಸ್ಕೂಲಾ’, ಅಂದರೆ ಕುಂಬಾರರ ಶಾಲೆ, ಈ ಹಳೆಯ ಸುಡುವಿಕೆಯನ್ನು ಮತ್ತೆ ಕೈಗೆತ್ತಿಕೊಂಡಿತು. ಗಮನಿಸಿ: ಅದನ್ನು ಮತ್ತೆ ಕೈಗೆತ್ತಿಕೊಳ್ಳಲು ಸಾಧ್ಯವಾದದ್ದು ಸೌದೆಯ ಆವಿಗೆ ಹೊತ್ತಿಸಬಲ್ಲವರು, ಬೆಂಕಿಯ ಬಣ್ಣ ಓದಬಲ್ಲವರು ಆ ಸೀಮೆಯಲ್ಲಿ ಇನ್ನೂ ಇದ್ದುದರಿಂದ. ನಡುವಿನ ಐವತ್ತು ವರ್ಷ ಆ ಕಣ್ಣನ್ನು ಕಾದದ್ದು ನಗರದ ಮೇಜುಗಳಿಗೆ ಹೋದ ಕಂಬ, ಹೂದಾನಿಗಳೇ.

ಇಷ್ಟಾದರೂ ಒಂದು ಲೆಕ್ಕ ಬಾಕಿ. ಕಂಬದ ಸೀಸ ಕೊಂಡವನನ್ನು ಬಾಧಿಸುವುದಿಲ್ಲ, ಮಾಡುವವನನ್ನು ಬಾಧಿಸುತ್ತದೆ. ಸೀಸ ಕಾಯಿಸುವಾಗಿನ ಹಬೆ, ಬೀಸುಕಲ್ಲಿನಿಂದ ಏಳುವ ದೂಳು, ಬೆರಳಿಗೆ ಅಂಟಿದ ಪುಡಿ ಕುಂಬಾರನ ಮನೆಯೊಳಗೇ ಉಳಿಯುತ್ತವೆ. ಮಕ್ಕಳೂ ಅದೇ ಮನೆಯಲ್ಲಿ. ಸೀಸವನ್ನು ಮೊದಲೇ ಮರಳಿನೊಂದಿಗೆ ಕರಗಿಸಿ ಗಾಜಾಗಿಸಿ, ಆ ಗಾಜನ್ನು ಪುಡಿಮಾಡಿ ಬಳಸಿದರೆ ಅಪಾಯ ಬಹಳ ತಗ್ಗುತ್ತದೆ. ಪೂರ್ತಿ ಬಿಡುವುದಾದರೆ ಬೋರಾನ್ ಆಧಾರಿತ ಮೆರುಗು ಇದೆ, ಅದೂ ಸೌದೆ ಆವಿಗೆಯ ಕಾವಿಗೆ ಕರಗುತ್ತದೆ. ತೊಡಕು ಇರುವುದು ಬಣ್ಣದಲ್ಲಿ. ಸೀಸದ ಜೊತೆ ತಾಮ್ರ ಹುಲ್ಲಿನ ಹಸಿರು ಕೊಡುತ್ತದೆ. ಸೀಸ ತೆಗೆದು ಕ್ಷಾರ ಹೆಚ್ಚಿಸಿದರೆ ಅದೇ ತಾಮ್ರ ನೀಲಿಯ ಕಡೆಗೆ ವಾಲುತ್ತದೆ. ಲಾಟ್ಗಾಲೆಯ ಹಸಿರನ್ನು ಸೀಸವಿಲ್ಲದೆ ಹಿಡಿಯಬೇಕಾದರೆ ಕ್ಷಾರ ತಗ್ಗಿಸಿ, ಸ್ವಲ್ಪ ಕಬ್ಬಿಣ ಸೇರಿಸಿ, ಆವಿಗೆಯಿಂದ ಆವಿಗೆಗೆ ತಿದ್ದುತ್ತ ಹೋಗಬೇಕು. ಅದು ತಾಳ್ಮೆಯ ಕೆಲಸ, ಸೌದೆ ಸುಡುವ ಕೆಲಸ. ಸ್ವಲ್ಪ ನೀಲಿ ಬೆರೆತ ಹಸಿರನ್ನು ಗಿರಾಕಿ ಲಾಟ್ಗಾಲೆಯದೆಂದು ಒಪ್ಪದಿದ್ದರೂ ಕುಂಬಾರರು ಈ ದಾರಿಯಲ್ಲೇ ಹೋಗಬೇಕೆಂಬುದು ನನ್ನ ನಿಲುವು. ಪೌಲಾನ್ಸ್ ಕಾಲದಲ್ಲಿ ಪಾತ್ರೆಯ ಆಕಾರ ಬದಲಾಗಿ ಮೆರುಗು ಉಳಿಯಿತು, ಈಗ ಮೆರುಗಿನ ಸರದಿ.